ಟಿಸಿ ಪಟ್ಟಿ ಬರುವ ಮೊದಲು

ಪ್ರೀತಿಯ ಬಾಯೇ,

ಜೂನ್‌ನಿಂದ ನಿನಗೆ ಕಾನ್ವೆಂಟ್ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು ಸಿಕ್ಕಿತು ಅಂತ ಅಮ್ಮ ಹೇಳಿದಳು. ತುಂಬಾ ಖುಷಿಯಾಯಿತು. ಪಾಠ ಮಾಡುವುದನ್ನು ಬಿ.ಎಡ್‌ನಲ್ಲಿ ಕಲಿತಿದ್ದೀಯಲ್ಲ, ಅದರ ಬಗ್ಗೆ ನಾನು ಹೇಳುವುದಿಲ್ಲ. ಎದುರು ಕೂತ ಮಗು ಯಾರು ಅನ್ನುವುದರ ಬಗ್ಗೆ ಮಾತ್ರ ಬರೆಯುತ್ತೇನೆ, ಸ್ಟಾಫ್ ರೂಮಿನಲ್ಲಿ ಈ ಮಾತು ಬರುವುದೇ ಕಡಿಮೆ.

ನಮ್ಮ ಕಥೋಲಿಕ ಚರ್ಚಿನ ದೊಡ್ಡ ತತ್ವಜ್ಞಾನಿ ಸಂತ ತೋಮಸ್ ಅಕ್ವಿನಾಸ್ 13ನೇ ಶತಮಾನದಲ್ಲೇ ಟೀಚರ ಕೆಲಸದ ಬಗ್ಗೆ ದೊಡ್ಡ ಚರ್ಚೆ ಮಾಡಿದ್ದಾರೆ. ಡಾಕ್ಟರು ಮದ್ದು ಕೊಟ್ಟರೂ ಗುಣವಾಗುವುದು ರೋಗಿಯ ಮೈಯೊಳಗಿನ ಶಕ್ತಿಯಿಂದ, ಹಾಗೆಯೇ ನೀನು ಎಷ್ಟು ವಿವರಿಸಿದರೂ ಅರ್ಥ ಮಾಡಿಕೊಳ್ಳಬೇಕಾದ್ದು ಮಗುವಿನ ಬುದ್ಧಿಯೇ ಅಂತ ಅವರ ವಾದ. ಅದಕ್ಕೇ ಉತ್ತರ ಬಾಯಿಪಾಠ ಮಾಡಿಸಿ ಮುಗಿಸಬೇಡ. ಮಗು ತಪ್ಪುತಪ್ಪಾಗಿಯಾದರೂ ತನ್ನ ಮಾತಿನಲ್ಲೇ ಹೇಳಲಿ, ಅಲ್ಲಿವರೆಗೆ ಕಾದಿರು.

ಅವರದೇ ಇನ್ನೊಂದು ಮಾತು ನನಗೆ ತುಂಬಾ ಇಷ್ಟ: ನನ್ನ ಆತ್ಮವೇ ನಾನಲ್ಲ. ಮನುಷ್ಯ ಅಂದರೆ ದೇಹ, ಆತ್ಮ ಎರಡೂ ಸೇರಿ ಒಂದು. ರಾತ್ರಿ ಹತ್ತರವರೆಗೆ ಅಮ್ಮನ ಪಕ್ಕ ಕೂತು ಬೀಡಿಗೆ ನೂಲು ಸುತ್ತಿದ ಹುಡುಗಿ, ಬೆಳಿಗ್ಗೆ ಬರೀ ಚಾ ಕುಡಿದು ಬಸ್ಸು ಹಿಡಿದು ಬಂದವಳು, ಮೊದಲ ಪೀರಿಯಡ್‌ನಲ್ಲಿ ತೂಕಡಿಸಿದರೆ ಅದಕ್ಕೆ ಸೋಮಾರಿತನ ಅನ್ನಬೇಡ ಮಾರಾಯ್ತಿ. ತಿಂಡಿ ಆಯ್ತಾ ಅಂತ ಮೊದಲು ಕೇಳು.

ನಿನ್ನ ಕ್ಲಾಸಿನಲ್ಲಿ ಹಿಂದೂ, ಮುಸ್ಲಿಂ ಮಕ್ಕಳೂ ಇರುತ್ತಾರೆ. ನಮ್ಮ ಕಥೋಲಿಕ ಮಕ್ಕಳು ಕೆಟೆಕಿಸಂಗೆ, ಅಂದರೆ ನಮ್ಮ ಧರ್ಮದ ಪಾಠಕ್ಕೆ, ಹೋದಾಗ ಅವರಿಗೆ ಮೌಲ್ಯ ಶಿಕ್ಷಣ ಇರುತ್ತದೆ, ಅದನ್ನು ಸುಮ್ನೆ ನೋಟ್ಸ್ ಬರೆಸುವ ಪೀರಿಯಡ್ ಮಾಡಬೇಡ. ಧರ್ಮದ ವಿಷಯದಲ್ಲಿ ಯಾರ ಮೇಲೂ ಒತ್ತಾಯ ಸಲ್ಲದು ಅಂತ ನಮ್ಮ ಚರ್ಚಿನ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿಬಿಟ್ಟಿದೆ. ಅದೇ ವರ್ಷ ಅಕ್ಟೋಬರ್ 28ರಂದು ಶಿಕ್ಷಣದ ಬಗ್ಗೆಯೂ ಒಂದು ಘೋಷಣೆ ಹೊರಡಿಸಿತು. ಯಾವ ಜನಾಂಗವಾಗಲಿ, ಯಾವ ಸ್ಥಿತಿಯಾಗಲಿ, ಮನುಷ್ಯನಾಗಿರುವ ಘನತೆಯಿಂದಲೇ ಎಲ್ಲರಿಗೂ ಶಿಕ್ಷಣದ ಹಕ್ಕು ಉಂಟು ಅನ್ನುತ್ತದೆ ಅದು. ಓದಿನಲ್ಲಿ ಹುಷಾರಿದ್ದವರಿಗೆ ಮಾತ್ರ ಅನ್ನುವುದಿಲ್ಲ. ಮಂಗಳೂರಿನಲ್ಲಿ 1921ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಹುಡುಗಿಯರಿಗೆ ಅಂತಲೇ ಸಂತ ಆಗ್ನೆಸ್ ಕಾಲೇಜು ತೆರೆದರಲ್ಲ, ಹುಡುಗಿಗೂ ತನ್ನದೇ ಬುದ್ಧಿ, ತನ್ನದೇ ಬದುಕು ಇದೆ ಅನ್ನುವ ನಂಬಿಕೆ ಇಲ್ಲದೆ ಅದು ಆಗುವ ಕೆಲಸವೇ ಅಲ್ಲ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಉಂಟು. ಒಂಬತ್ತರಲ್ಲಿ ಹಿಂದೆ ಬಿದ್ದ ಮಕ್ಕಳ ಅಪ್ಪ ಅಮ್ಮನನ್ನು ಕರೆಸಿ, ಟಿಸಿ ತಗೊಂಡು ಹೋಗಿ ಅಂತ ನಯವಾಗಿ ಹೇಳುವ ಶಾಲೆಗಳಿವೆ, ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಅಂತ ಗೇಟಿಗೆ ಬ್ಯಾನರ್ ಕಟ್ಟಲಿಕ್ಕೆ. ಕಾನ್ವೆಂಟ್ ಆದರೂ ಇದು ನಡೆದರೆ ಅಲ್ಲಿ ಶಿಲುಬೆ ಗೋಡೆಯ ಮೇಲೆ ಮಾತ್ರ ಉಂಟು ಅಂತಲೇ ನಾನು ಹೇಳುವುದು. ಅಂಥ ಪಟ್ಟಿಗೆ ಹೆಸರು ಕೊಡು ಅಂತ ಯಾರಾದರೂ ಕೇಳಿದರೆ ಕೊಡಬೇಡ. ಹೊಸಬಳು ಅಂತ ಹೆದರಬೇಡ, ಎದುರು ವಾದ ಮಾಡಲೂ ಹೋಗಬೇಡ. ಈ ಮಕ್ಕಳನ್ನು ಸಂಜೆ ನಾಲ್ಕರ ಮೇಲೆ ನಾನು ಕೂರಿಸಿಕೊಳ್ಳುತ್ತೇನೆ ಸಿಸ್ಟರ್, ಅಂತ ಹೇಳು. ಗಣಿತಕ್ಕೆ ಜನ ಬೇಕಾದರೆ ನಾನೇ ಬರುತ್ತೇನೆ, ರಿಟೈರ್ ಆದವಳಿಗೆ ಸಂಜೆ ಬೇರೆ ಏನು ಕೆಲಸ ಅಲ್ವಾ.

ನಿನ್ನ
ಮಾವ್ಶಿ