ಆ ಅರ್ಜಿಯಲ್ಲಿ ನನ್ನ ಸಹಿ ಇಲ್ಲ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಸಾಹೇಬರೇ, ನಮಸ್ಕಾರ. ಮುಂಬಯಿಯ ಮುಲುಂಡ್ ಪಶ್ಚಿಮದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನ ಮೂರೂವರೆ. ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ನಮಗೆ ಸಿಗುವ ಬಿಡುವು ಇದೊಂದೇ. ಇದರ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕೊಟ್ಟು ಬಂದಿದ್ದೇನೆ. ಕನ್ನಡದಲ್ಲೂ ಯಾಕೆ ಅಂದರೆ, ಈ ಜಗಳದ ಎರಡೂ ಕಡೆ ನಮ್ಮವರೇ ಇದ್ದಾರೆ. ಅವರೂ ಓದಲಿ.

ಸದ್ಯದಲ್ಲೇ ನಿಮ್ಮ ಕೈಗೆ ಒಂದು ಅರ್ಜಿ ಬರುತ್ತದೆ. ನಮ್ಮ ಭಾಗದ ಹೋಟೆಲಿನವರು ಸೇರಿ ಬರೆದದ್ದು, ಎರಡು ಪುಟ. ಮನೆಯಲ್ಲಿ ಅಡುಗೆ ಮಾಡಿ ಮಾರುವವರನ್ನು ನಿಲ್ಲಿಸಿ, ಅವರಿಗೆ ಲೈಸೆನ್ಸ್ ಇಲ್ಲ, ತೆರಿಗೆ ಇಲ್ಲ, ಅಂಗಡಿ ಬಾಡಿಗೆ ಇಲ್ಲ, ನಮ್ಮ ಹೊಟ್ಟೆಗೆ ಹೊಡೆಯುತ್ತಿದ್ದಾರೆ ಅಂತ ಅದರಲ್ಲಿದೆ. ಅದು ತಯಾರಾದದ್ದು ನಮ್ಮ ಹೋಟೆಲಿನ ಫ್ಯಾಮಿಲಿ ರೂಮಿನಲ್ಲೇ. ಮೂರು ಸುತ್ತು ಕಾಫಿ, ಒಂದು ಸುತ್ತು ಗೋಳಿಬಜೆ ಕೊಟ್ಟವನು ನಾನು. ಪೆನ್ನು ನನ್ನ ಕೈಗೆ ಬಂದಾಗ ‘ನಮ್ಮ ಅಕೌಂಟೆಂಟ್ ಹತ್ತಿರ ಕೇಳಿ ಹಾಕ್ತೇನೆ’ ಅಂತ ಸುಳ್ಳು ಹೇಳಿದೆ. ಎದುರು ಕೂತವರೆಲ್ಲ ನನ್ನ ಅಪ್ಪನ ವಯಸ್ಸಿನವರು. ಹಾಕಲ್ಲ ಅಂತ ಮುಖಕ್ಕೆ ಹೇಳಲು ಬಾಯಿ ಬರಲಿಲ್ಲ. ಈಗ ಹೇಳುತ್ತಿದ್ದೇನೆ.

ಅವರ ಸಿಟ್ಟು ಸುಳ್ಳಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಗಲ್ಲಾದ ಹಿಂದಿನ ಗೋಡೆ ನೋಡಿದರೆ ಸಾಕು. ಅಂಗಡಿ ನಡೆಸಲು ಬೇಕಾದ ಗುಮಾಸ್ತಾ ಲೈಸೆನ್ಸ್, ಮಹಾನಗರಪಾಲಿಕೆಯ ಆರೋಗ್ಯ ವಿಭಾಗದ ಲೈಸೆನ್ಸ್, ಆಹಾರ ಸುರಕ್ಷತೆಯ ಲೈಸೆನ್ಸ್, ಜಿಎಸ್‌ಟಿ ಕಾಗದ, ಎಲ್ಲ ಸಾಲಾಗಿ ಫ್ರೇಮು ಹಾಕಿಸಿ ತೂಗುಹಾಕಿದ್ದೇವೆ. ದೇವರ ಫೋಟೋಕ್ಕೆ ಜಾಗ ಕಡಿಮೆಯಾಗಿ ಕೃಷ್ಣ ಈಗ ಫ್ರಿಜ್ ಮೇಲಿದ್ದಾನೆ. 2017ರ ಡಿಸೆಂಬರಿನಲ್ಲಿ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಹೋಟೆಲುಗಳಲ್ಲಿ ಬೆಂಕಿ ಬಿದ್ದು 14 ಜನ ಸತ್ತ ಮೇಲೆ ಅಗ್ನಿಶಾಮಕದ ತಪಾಸಣೆ ಬಿಗಿಯಾಯಿತು. ಆಗಲೇಬೇಕಿತ್ತು. ಹುಡುಗರಿಗೆ ವರ್ಷಕ್ಕೊಮ್ಮೆ ಡಾಕ್ಟರ್ ಸರ್ಟಿಫಿಕೇಟ್ ಮಾಡಿಸಬೇಕು. ಸಿಲಿಂಡರ್ 19 ಕೆಜಿಯ ಕಮರ್ಷಿಯಲ್ಲೇ ಆಗಬೇಕು, ಅದಕ್ಕೆ ಜಿಎಸ್‌ಟಿ 18 ಪರ್ಸೆಂಟ್. ಮನೆಯ 14.2 ಕೆಜಿಯದಕ್ಕೆ 5. ಅದರ ಮೇಲೆ, 2017ರ ನವೆಂಬರಿನಿಂದ ನಮ್ಮಂಥ ಹೋಟೆಲುಗಳು ಗಿರಾಕಿಯಿಂದ 5 ಪರ್ಸೆಂಟ್ ತೆಗೆದುಕೊಂಡು ಹಾಗೇ ಸರ್ಕಾರಕ್ಕೆ ಕಟ್ಟಬೇಕು. ನಾವು ಬಾಡಿಗೆ ಮೇಲೆ ಕೊಟ್ಟ 18 ಪರ್ಸೆಂಟ್ ಅದರಲ್ಲಿ ವಜಾ ಆಗುವುದಿಲ್ಲ. ಕೊಟ್ಟಿದ್ದು ಕೊಟ್ಟ ಹಾಗೆ.

ಇಷ್ಟೆಲ್ಲ ಕಟ್ಟುವವನು, ಎದುರಿನ ಬಿಲ್ಡಿಂಗಿನಿಂದ ಸ್ಟೀಲ್ ಡಬ್ಬಾಗಳು ಇಳಿದು ಹೋಗುವುದನ್ನು ನೋಡಿ ಹಲ್ಲು ಕಡಿದರೆ ತಪ್ಪಲ್ಲ, ಅಲ್ವಾ? ನಾನೂ ಕಡಿದಿದ್ದೇನೆ.

ಆದರೆ ಆ ಡಬ್ಬಾ ತುಂಬುವವರು ಯಾರು ಅಂತ ಅರ್ಜಿಯಲ್ಲಿ ಒಂದು ಸಾಲೂ ಇಲ್ಲ. 2020ರ ಮಾರ್ಚಿನಲ್ಲಿ ಬಾಗಿಲು ಹಾಕಿದೆವು. ಅಕ್ಟೋಬರ್ 5ಕ್ಕೆ ಅರ್ಧ ಕುರ್ಚಿಗಳೊಂದಿಗೆ ತೆರೆಯಲು ಸರ್ಕಾರ ಬಿಟ್ಟಿತು. ನಮ್ಮಲ್ಲಿ 22 ಜನ ಇದ್ದರು, 9 ಜನರನ್ನು ವಾಪಸ್ ಕರೆದೆ. ಉಳಿದವರ ಫೋನು ಬಂದರೆ ‘ನೋಡುವ, ನೋಡುವ’ ಅನ್ನುತ್ತಿದ್ದೆ. ಕೊನೆಗೆ ಎತ್ತುವುದನ್ನೇ ಬಿಟ್ಟೆ. ಅವರಲ್ಲಿ ಮೂವರು ಈಗ ಮನೆಯಿಂದಲೇ ಡಬ್ಬಾ ಕೊಡುತ್ತಾರೆ. ಒಬ್ಬ ನಮ್ಮ ಭಟ್ಟರ ಕೈಕೆಳಗೆ ಹನ್ನೊಂದು ವರ್ಷ ಸಾಂಬಾರು ಮಾಡಿದವನು. ಭಾಂಡುಪಿನಲ್ಲಿ ಅವನೂ ಹೆಂಡತಿಯೂ ಸೇರಿ ದಿನಕ್ಕೆ ನಲವತ್ತು ಡಬ್ಬಾ ಕಟ್ಟುತ್ತಾರೆ. ಮಸಾಲೆಯ ಲೆಕ್ಕ ನಮ್ಮದೇ. ಬೇಡ ಅಂದವರು ನಾವು, ಹೊಟ್ಟೆಪಾಡಿಗೆ ಅವನು ಸೌಟು ಹಿಡಿದ. ಈಗ ಅದನ್ನೂ ಕಸಿಯಿರಿ ಅಂತ ನಿಮಗೆ ಬರೆಯಬೇಕಂತೆ. ಬರೆಯಲು ನನಗೆ ಯಾವ ಮುಖ ಇದೆ?

ಇನ್ನೊಂದು ಹೇಳಬೇಕು. ಇದು ನಮ್ಮ ಮನೆಯದೇ ಕಥೆ. ಅಜ್ಜ ಮಂಗಳೂರಿನಿಂದ ಹಡಗು ಹತ್ತಿ ಮುಂಬಯಿಗೆ ಬಂದವರು. ಫೋರ್ಟಿನ ಒಂದು ಹೋಟೆಲಿನಲ್ಲಿ ಹಗಲಿಡೀ ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಕಲಿತರು. ಆ ಕಾಲದ ಹೋಟೆಲ್ ಹುಡುಗರೆಲ್ಲ ಹಾಗೇ. ಮದುವೆಯಾಗಿ ಅಜ್ಜಿಯನ್ನು ಪರೇಲಿನ ಚಾಳಿಗೆ ಕರೆದುಕೊಂಡು ಬಂದರು. ಹತ್ತು ಬೈ ಹನ್ನೆರಡರ ಖೋಲಿ. ಅದೇ ಖೋಲಿಯಲ್ಲಿ ಅಜ್ಜಿ ಹದಿನಾಲ್ಕು ಜನ ಊರಿನ ಹುಡುಗರಿಗೆ ಊಟ ಹಾಕುತ್ತಿದ್ದರು. ಏಳೇಳು ಜನರ ಎರಡು ಪಂಕ್ತಿ. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಒಂದು ಪಲ್ಯ. ತಿಂಗಳಿಗಿಷ್ಟು ಅಂತ ಲೆಕ್ಕ. ಅಜ್ಜಿಯ ಲೈಸೆನ್ಸ್ ಅಂದರೆ, ಚಾಳಿನ ಯಜಮಾನರ ಮನೆಗೆ ಹಬ್ಬಕ್ಕೊಂದು ಡಬ್ಬ ಹೋಳಿಗೆ. ಆ ದುಡ್ಡನ್ನು ಕೂಡಿಟ್ಟು ಅಜ್ಜ 1967ರಲ್ಲಿ ಈ ಹೋಟೆಲಿನ ಜಾಗಕ್ಕೆ ಪಗಡಿ, ಅಂದರೆ ಬಾಡಿಗೆ ಹಕ್ಕಿನ ಮುಂಗಡ ದುಡ್ಡು, ಕೊಟ್ಟರು. ಗಲ್ಲಾದ ಮೇಲೆ ಗಂಧದ ಹಾರ ಹಾಕಿದ ಅಜ್ಜನ ಫೋಟೋ ಇದೆ. ಅಜ್ಜಿಯದು ಇಲ್ಲ. ಈ ಪತ್ರ ಬರೆಯುವಾಗಲೇ ಅದು ಕಣ್ಣಿಗೆ ಬಿತ್ತು.

ಈಗ ಇಂಥವರನ್ನು ಹೋಮ್ ಶೆಫ್ ಅನ್ನುತ್ತಾರಂತೆ. ಅಜ್ಜಿ ಕೇಳಿದ್ದರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ನಿಮಗೆ ಗಿರಣಗಾಂವಿನ, ಅಂದರೆ ಬಟ್ಟೆ ಗಿರಣಿಗಳಿದ್ದ ಪರೇಲ್ ಕಡೆಯ, ಖಾನಾವಳಿ ನೆನಪಿರಬಹುದು, ಇಲ್ಲದಿದ್ದರೆ ನಿಮ್ಮ ತಂದೆಯವರಿಗಂತೂ ಇರುತ್ತದೆ. ಗಿರಣಿ ಕೆಲಸಗಾರರು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು. ಅವರ ಹೊಟ್ಟೆ ತುಂಬಿಸಿದ್ದು ಚಾಳಿನ ಹೆಂಗಸರು. ಗಿರಣಿಯವರ ಪಗಾರ ಆಗುವವರೆಗೆ ಆ ಹೆಂಗಸರಿಗೆ ಕಿರಾಣಿ ಅಂಗಡಿಯಲ್ಲಿ ಉದ್ರಿ, ಸಾಹುಕಾರನಲ್ಲಿ ಬಡ್ಡಿ ಸಾಲ. ಆ ಹೆಂಗಸರನ್ನು ಒಟ್ಟುಗೂಡಿಸಿ ಕಾರ್ಮಿಕ ಸಂಘಟನೆಯ ಪ್ರೇಮಾತಾಯಿ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು, ಬ್ಯಾಂಕ್ ಸಾಲ ಕೊಡಿಸಿದರು. ಅದಕ್ಕೂ ಮೊದಲು, 1959ರಲ್ಲಿ, ಗಿರ್ಗಾಂವಿನ ಒಂದು ಕಟ್ಟಡದ ತಾರಸಿಯ ಮೇಲೆ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು. ಅದೇ ಇವತ್ತಿನ ಲಿಜ್ಜತ್. ಈ ಊರಿನಲ್ಲಿ ಮನೆ ಅಡುಗೆ ಹೊಸದಾಗಿ ಬಂದದ್ದಲ್ಲ ಸಾಹೇಬರೇ. ಹೊಸದು ಅಂದರೆ ಫೋನು.

ಎದುರಿನ ಗಲ್ಲಿಯ ಹೌಸಿಂಗ್ ಸೊಸೈಟಿಯಲ್ಲಿ ಧಾರವಾಡದ ಕಡೆಯ ಒಬ್ಬ ಅಕ್ಕ ಇದ್ದಾರೆ. ಮೂರನೇ ಮಹಡಿ. ಒಮ್ಮೆ ಅವರ ಗ್ರೈಂಡರ್ ಕೆಟ್ಟು, ನಮ್ಮಲ್ಲಿ ಐದು ಕೆಜಿ ದೋಸೆ ಹಿಟ್ಟು ಕೇಳಿದರು. ಹುಡುಗರು ಯಾರೂ ಬಿಡುವಿರಲಿಲ್ಲ, ನಾನೇ ತೆಗೆದುಕೊಂಡು ಹೋದೆ. ನಿಜ ಹೇಳಬೇಕೆಂದರೆ ನೋಡುವ ಚಪಲವೂ ಇತ್ತು. ಮೆಟ್ಟಿಲಲ್ಲೇ ರೊಟ್ಟಿ ಬಡಿಯುವ ಪಟಪಟ ಸದ್ದು. ಒಳಗೆ ಎರಡು ಬರ್ನರಿನ ಸಾಮಾನ್ಯ ಒಲೆ. ಕುದಿಯುವ ನೀರು ಹಾಕಿ ಜೋಳದ ಹಿಟ್ಟು ನಾದಿ, ಅಂಗೈಯಲ್ಲಿ ಬಡಿದು ಬಡಿದು ತೆಳ್ಳಗೆ ಮಾಡಿ ಹಂಚಿಗೆ ಹಾಕಿದರು. ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿದರು. ರೊಟ್ಟಿ ಉಬ್ಬಿತು. ಕಡಕ್ ರೊಟ್ಟಿಗಳು ಹಾಲಿನ ಮಂಚದ ಮೇಲೆ ಹಳೇ ಇಳಕಲ್ ಸೀರೆಯ ಮೇಲೆ ಆರುತ್ತಿದ್ದವು. ಫ್ರಿಜ್ ಬಾಗಿಲಿಗೆ ಆಹಾರ ಸುರಕ್ಷತೆಯ ನೋಂದಣಿ ಕಾಗದ ಅಂಟಿಸಿದ್ದರು. 14 ಅಂಕಿಯ ನಂಬರು, ಮೂಲೆಯಲ್ಲಿ ಅರಿಶಿನದ ಬೆರಳಿನ ಗುರುತು. ‘ಲೈಸೆನ್ಸ್ ಇಲ್ಲದ ಹೆಂಗಸರು’ ಅಂತ ಅರ್ಜಿಯಲ್ಲಿ ಬರೆದದ್ದು ನೆನಪಾಗಿ ನಾಚಿಕೆಯಾಯಿತು. ಹೊರಡುವಾಗ ಎರಡು ರೊಟ್ಟಿ, ಎಣ್ಣೆಗಾಯಿ, ಸ್ವಲ್ಪ ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಹಿಟ್ಟಿನ ದುಡ್ಡನ್ನೂ ಎಣಿಸಿ ಕೊಟ್ಟರು, ಬೇಡ ಅಂದರೂ ಬಿಡಲಿಲ್ಲ.

ಆ ಅಕ್ಕ ನನ್ನ ಗಿರಾಕಿಯನ್ನು ಕಿತ್ತುಕೊಂಡರಾ? ಜೋಳದ ರೊಟ್ಟಿ ನಾನು ಯಾವತ್ತು ಮಾರಿದ್ದೆ? ನಮ್ಮ ಮೆನು ಕಾರ್ಡಿನಲ್ಲಿ ಶೆಜ್ವಾನ್ ದೋಸೆ ಇದೆ, ಪನೀರ್ ಚಿಲ್ಲಿ ಇದೆ, ಪಾವ್ ಭಾಜಿ ಇದೆ. ಪತ್ರೊಡೆ ಇಲ್ಲ. ಕೊಟ್ಟೆ ಕಡುಬು ಅಪ್ಪನ ಕಾಲಕ್ಕೇ ನಿಂತಿತು, ಹಲಸಿನ ಎಲೆ ತಂದು ಕೊಟ್ಟೆ ಕಟ್ಟುವವರು ಯಾರೂ ಉಳಿಯಲಿಲ್ಲ. ಊರಿಂದ ಹುಡುಗರು ಬರುವುದು ನಿಂತಿದೆ, ಅವರೆಲ್ಲ ಬೆಂಗಳೂರಿಗೋ ದುಬೈಗೋ ಹೋಗುತ್ತಾರೆ. ನನ್ನ ಮಗನೂ ಗಲ್ಲಾಕ್ಕೆ ಬರುವವನಲ್ಲ. ನಾವು ಬಿಟ್ಟುಕೊಟ್ಟ ಜಾಗದಲ್ಲಿ ಬೇರೆಯವರು ಚಾಪೆ ಹಾಸಿದ್ದಾರೆ. ಇದನ್ನು ಹೋಟೆಲಿನ ಹಿರಿಯರೆದುರು ಹೇಳಿದರೆ ಸುಮ್ನೆ ಜಗಳ. ‘ನಿನಗೆ ವ್ಯಾಪಾರ ಗೊತ್ತಿಲ್ಲ’ ಅನ್ನುತ್ತಾರೆ.

ಹೊರಗಿನವರು ಬಂದು ನಮ್ಮ ಅನ್ನ ಕಸಿಯುತ್ತಾರೆ ಅನ್ನುವ ಮಾತನ್ನು ನಾವೇ ಕೇಳಿಸಿಕೊಂಡವರು. ಅರವತ್ತರ ದಶಕದ ಕೊನೆಯಲ್ಲಿ ‘ಬಜಾವ್ ಪುಂಗಿ, ಹಟಾವ್ ಲುಂಗಿ’, ಅಂದರೆ ಪುಂಗಿ ಊದಿ ದಕ್ಷಿಣದ ಲುಂಗಿಯವರನ್ನು ಓಡಿಸಿ, ಅಂತ ಬೀದಿಯಲ್ಲಿ ಕೂಗಿದಾಗ, ಅಜ್ಜ ಹೋಟೆಲ್ ತೆರೆದು ವರ್ಷವೂ ಸರಿಯಾಗಿ ಆಗಿರಲಿಲ್ಲ. ಬೋರ್ಡಿನ ಕನ್ನಡ ಅಕ್ಷರ ಕಾಣದ ಹಾಗೆ ಬಣ್ಣ ಬಳಿಸಿದರು. ಶಟರ್ ಅರ್ಧ ಇಳಿಸಿಕೊಂಡು ಇಡ್ಲಿ ಕೊಟ್ಟರು. ಅವರ ಮೊಮ್ಮಗನಾದ ನಾನು ಇವತ್ತು ಇನ್ನೊಬ್ಬರ ಮೇಲೆ ಅದೇ ಮಾತಾಡಬೇಕಾ?

ತೆರಿಗೆ ವಿಷಯದಲ್ಲೂ ಅರ್ಜಿ ಅರ್ಧ ಸತ್ಯ ಹೇಳುತ್ತದೆ. 2022ರ ಜನವರಿ 1ರಿಂದ ಆ್ಯಪಿನಲ್ಲಿ ಹೋಗುವ ಊಟದ ಜಿಎಸ್‌ಟಿಯನ್ನು ಆ್ಯಪಿನವರೇ ಕಟ್ಟಬೇಕು. ನಮ್ಮ ಹೋಟೆಲಿಂದ ಹೋದರೂ ಅಷ್ಟೇ, ಮನೆಯಿಂದ ಹೋದರೂ ಅಷ್ಟೇ. ವಾಟ್ಸಾಪಿನಲ್ಲಿ ನಾಲ್ಕು ಡಬ್ಬಾ ಮಾರುವವರ ವ್ಯಾಪಾರ ವರ್ಷಕ್ಕೆ 20 ಲಕ್ಷ ದಾಟಿದರೆ ತಾನೇ ನೋಂದಣಿ? ನಿಜವಾಗಿ ನನ್ನ ಗಲ್ಲಾ ಬರಿದು ಮಾಡುವುದು ಆ್ಯಪಿನ ಕಮಿಷನ್. ಅದರ ಮೇಲೆ ಡಿಸ್ಕೌಂಟ್, ಅದರ ಮೇಲೆ ಜಾಹೀರಾತು. ಹೋಟೆಲಿನವರ ದೂರಿನ ಮೇಲೆ, ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಕೇಂದ್ರದ ಸ್ಪರ್ಧಾ ಆಯೋಗ 2022ರ ಏಪ್ರಿಲಿನಲ್ಲಿ ದೊಡ್ಡ ಆ್ಯಪ್‌ಗಳ ವಿರುದ್ಧ ತನಿಖೆಗೆ ಆದೇಶ ಕೊಟ್ಟಿತ್ತು. ಈ ಎರಡು ಪುಟದ ಅರ್ಜಿಯಲ್ಲಿ ಅವುಗಳ ಬಗ್ಗೆ ಒಂದು ಸಾಲೂ ಇಲ್ಲ. ದೊಡ್ಡವರ ಮೇಲೆ ಸಿಟ್ಟು ತೋರಿಸಲು ಧೈರ್ಯ ಬೇಕು, ಮೂರನೇ ಮಹಡಿಯ ಅಕ್ಕನ ಮೇಲೆ ತೋರಿಸಲು ಬೇಕಾಗಿಲ್ಲ.

ಹಾಗಂತ ಮನೆ ಅನ್ನುವ ಹೆಸರಿನಲ್ಲಿ ಏನು ಬೇಕಾದರೂ ನಡೆಯಲಿ ಅಂತ ನಾನು ಹೇಳುತ್ತಿಲ್ಲ. ಸ್ಟೇಷನ್ ಹಿಂದಿನ ಒಂದು ಬಿಲ್ಡಿಂಗಿನಲ್ಲಿ ಬಾಡಿಗೆ ಫ್ಲಾಟ್ ಇದೆ. ಅಲ್ಲಿ ಯಾರೂ ವಾಸ ಇಲ್ಲ. ಆರು ಜನ ಕೆಲಸಗಾರರು, ಗ್ಯಾಲರಿಯಲ್ಲಿ ಸಾಲಾಗಿ ಮನೆ ಬಳಕೆಯ ಸಿಲಿಂಡರುಗಳು, ಒಂದೇ ಕಡಾಯಿಯಿಂದ ನಾಲ್ಕು ಹೆಸರಿನಲ್ಲಿ ಬಿರಿಯಾನಿ. ಇದು ಮನೆ ಅಡುಗೆಯಾ? ಮನೆ ಬಳಕೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದು 2000ದ ಎಲ್‌ಪಿಜಿ ಆದೇಶದ ಪ್ರಕಾರವೇ ತಪ್ಪು. ಮೇಲಿನ ಮಹಡಿಯಲ್ಲಿ ಮಕ್ಕಳು ಮಲಗಿರುತ್ತಾರೆ. ರೇಷನಿಂಗ್ ಆಫೀಸಿಗೆ ನೀವೊಂದು ಫೋನ್ ಮಾಡಿದರೆ ಇಂಥ ಕಡೆ ತಪಾಸಣೆಗೆ ಹೋಗುತ್ತಾರೆ, ನಾವು ಹೇಳಿದರೆ ಹೋಗುವುದಿಲ್ಲ. ಆದರೆ ಅಲ್ಲಿಗೆ ಹೋಗುವ ಜೀಪು ಅಕ್ಕನ ಬಾಗಿಲಿಗೂ ಹೋಗಿ ಹೆದರಿಸಿ ಬರಬಾರದು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಈ ಅರ್ಜಿಯ ದೊಡ್ಡ ದೋಷ.

ಅಕ್ಕನಿಗೆ ಕಷ್ಟ ಬೇರೆ ಇದೆ. ವಾಸದ ಫ್ಲಾಟಿನಲ್ಲಿ ವ್ಯಾಪಾರ ಮಾಡಬಾರದು ಅಂತ ಸೊಸೈಟಿಯವರು ನೋಟಿಸ್ ಕೊಟ್ಟಿದ್ದಾರೆ. ಅದೇ ಮಹಡಿಯಲ್ಲಿ ಒಬ್ಬರು ಟ್ಯೂಷನ್ ನಡೆಸುತ್ತಾರೆ, ಕೆಳಗೊಬ್ಬರು ಬ್ಯೂಟಿ ಪಾರ್ಲರ್. ಅವರಿಗೆ ನೋಟಿಸ್ ಇಲ್ಲ. ತಮ್ಮ ಮನೆಯಲ್ಲಿ ತಾವೇ ಇದ್ದು, ತಮ್ಮ ಕೈಯಾರೆ ಅಡುಗೆ ಮಾಡಿ, ನೋಂದಣಿ ಇಟ್ಟುಕೊಂಡವರಿಗೆ ಸೊಸೈಟಿ ಎಲ್ಲಿಯವರೆಗೆ ಅಡ್ಡ ಬರಬಹುದು ಅನ್ನುವುದನ್ನು ನೀವು ವಿಧಾನಸಭೆಯಲ್ಲಿ ಕೇಳಿ, ಸರ್ಕಾರದಿಂದ ಒಂದು ಸ್ಪಷ್ಟ ಮಾತು ತನ್ನಿ. ನಮಗೂ ಅದರಿಂದ ಒಳ್ಳೆಯದೇ. ಯಾರು ಮನೆ, ಯಾರು ಫ್ಯಾಕ್ಟರಿ ಅಂತ ಗೆರೆ ಬೀಳುತ್ತದೆ.

ನೋಂದಣಿ ಇಲ್ಲದವರೂ ಎಷ್ಟೋ ಜನ ಇದ್ದಾರೆ, ಒಪ್ಪುತ್ತೇನೆ. ಭಾಂಡುಪಿನ ನಮ್ಮ ಹಳೇ ಹುಡುಗನ ಹತ್ತಿರವೂ ಇಲ್ಲ, ಸಿಲಿಂಡರೂ ಮನೆಯದೇ. ಕೇಳಿದರೆ ‘ಆಫೀಸಿಗೆ ಹೋದರೆ ದಿನದ ಡಬ್ಬಾ ತಪ್ಪುತ್ತೆ ಅಣ್ಣ, ಏಜೆಂಟ್ ಜಾಸ್ತಿ ಕೇಳ್ತಾನೆ’ ಅಂದ. 2011ರ ನಿಯಮದಲ್ಲಿ ಸಣ್ಣವರ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಫೀ ಅಂತ ಇತ್ತು. ಅದಕ್ಕೆ ಏಜೆಂಟ್ ಎಷ್ಟು ಕೇಳಿದ ಅಂತ ಬರೆದರೆ ನೀವು ನಂಬಲಿಕ್ಕಿಲ್ಲ. ನಮ್ಮ ಕಾಗದಗಳ ಕಥೆಯೂ ಅದೇ. ನಾಲ್ಕು ಇಲಾಖೆಗೆ ಅದೇ ನಕ್ಷೆ, ಅದೇ ಬಾಡಿಗೆ ಪತ್ರ, ಅದೇ ಫೋಟೋ ನಾಲ್ಕು ಸಲ. ಅವನ್ನೆಲ್ಲ ಒಂದು ಕಡೆ, ಒಂದೇ ಸಲ ತೆಗೆದುಕೊಳ್ಳುವ ಹಾಗೆ ಮಾಡಿಸಿ. ನನ್ನ ಹೊರೆ ಇಳಿಸಿ ಅಂತ ಕೇಳುತ್ತಿದ್ದೇನೆ. ಅವರ ತಲೆ ಮೇಲೂ ಅಷ್ಟೇ ಹೊರಿಸಿ ಅಂತ ಕೇಳಲಾರೆ.

ನಮ್ಮ ಹೋಟೆಲಿನ ಮೇಲೆ ಒಂದು ಸಣ್ಣ ಹಾಲ್ ಇದೆ, ನಾಮಕರಣ, ಸೀಮಂತಕ್ಕೆ ಕೊಡುತ್ತೇವೆ. ಮಂಗಳವಾರ ಯಾವತ್ತೂ ಖಾಲಿ. ರಾಜ್ಯದ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎಯಿಂದ ಒಬ್ಬರು, ಗ್ಯಾಸ್ ಕಂಪನಿಯಿಂದ ಒಬ್ಬರನ್ನು ನೀವು ಕಳಿಸಿಕೊಡಿ. ಮಧ್ಯಾಹ್ನ ಮೂರರಿಂದ ಐದು, ಈ ಭಾಗದ ಮನೆ ಅಡುಗೆಯವರನ್ನು ಕೂಡಿಸಿ ಅಲ್ಲೇ ನೋಂದಣಿ ಮಾಡಿಸುವ, ಸಿಲಿಂಡರ್ ವಿಷಯ ಅಲ್ಲೇ ತಿಳಿಸಿ ಹೇಳುವ. ಹಾಲ್ ಬಾಡಿಗೆ ಬೇಡ, ಕಾಫಿ ನನ್ನ ಲೆಕ್ಕ. ನಿಮ್ಮ ಕಚೇರಿಯಿಂದ ಎರಡು ದಿನ ಮೊದಲು ಹೇಳಿದರೆ ಸಾಕು, ಕುರ್ಚಿ ಒರೆಸಿಡುತ್ತೇನೆ. ಭಾಂಡುಪಿನವನಿಗೆ ಈ ಸಲ ನಾನೇ ಫೋನ್ ಮಾಡುತ್ತೇನೆ.

ಇತಿ ನಿಮ್ಮ ಮತದಾರ,
ಮುಲುಂಡ್ ಪಶ್ಚಿಮದ ಒಬ್ಬ ಹೋಟೆಲಿನವ