ರಾಯಚೂರಿನ ಹಾಸ್ಟೆಲ್‌ನಲ್ಲಿರುವ ಮಗಳಿಗೆ

ಮಗಳೇ,

ನಿಮ್ಮ ಮಾವ ನಾಳೆ ಬೆಳಿಗ್ಗೆ ರಾಯಚೂರಿಗೆ ಬರುತ್ತಿದ್ದಾನೆ. ರೊಟ್ಟಿ, ಶೇಂಗಾ ಹಿಂಡಿ ಜೊತೆ ಈ ಕಾಗದವನ್ನೂ ಕೊಡುತ್ತಾನೆ. ಫೋನಿನಲ್ಲಿ ಮಾತಾಡಿದರೆ ನೀನು ಅಳುತ್ತೀಯ, ನನ್ನ ದನಿ ಜೋರಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಸೆಕೆಂಡ್ ಪಿಯುಸಿ ಕೆಮಿಸ್ಟ್ರಿ ಪೇಪರ್ ಕಷ್ಟ ಇತ್ತು, ಒಪ್ಪಿದೆ. ಇಲ್ಲಿ ಹಟ್ಟಿಯಲ್ಲಿ ಬರೆದ ಮಕ್ಕಳೂ ಮುಖ ಸಣ್ಣ ಮಾಡಿಕೊಂಡೇ ಬಂದರು. ಸಂಜೆ ನೀನು ಫೋನ್ ಮಾಡಿ, 70ಕ್ಕೆ 38, ಜಾಸ್ತಿ ಅಂದ್ರೆ 42 ಅಂದೆ. ಅಷ್ಟೇ. ಆಮೇಲೆ ಸ್ವಿಚ್ ಆಫ್.

ನನಗೆ ಅವತ್ತು ರಾತ್ರಿ ಪಾಳಿ. ಚಿನ್ನದ ಗಣಿಯ ಮಿಲ್ಲಿನ ಒಳಗೆ ಮಾತು ಕೇಳಿಸುವುದಿಲ್ಲ ಅಂತ ಹೊರಗೆ ಬಂದು ಫೋನ್ ಹಚ್ಚಿದೆ. ಸ್ವಿಚ್ ಆಫ್. ಊಟದ ಹೊತ್ತಿಗೆ ಮತ್ತೆ ಹಚ್ಚಿದೆ. ಸ್ವಿಚ್ ಆಫ್. ನಿಮ್ಮ ವಾರ್ಡನ್ ಮೇಡಂ ನಂಬರಿಗೆ ಮಾಡಿದರೆ ರಿಂಗ್ ಆಗಿ ಆಗಿ ನಿಂತಿತು. ನಡುರಾತ್ರಿ, ಅವರೂ ಮಲಗಿರಬೇಕು. ಪರೀಕ್ಷೆ ಟೈಮಿನಲ್ಲಿ ಪೇಪರಿನಲ್ಲಿ ಎಂಥ ಸುದ್ದಿ ಬರುತ್ತವೆ ಅನ್ನೋದು ನಿನಗೂ ಗೊತ್ತು. ಅದನ್ನು ನಾನು ಇಲ್ಲಿ ಬರೆಯಲಾರೆ. ಆದರೆ ಅವತ್ತು ರಾತ್ರಿ ತಲೆಯಲ್ಲಿ ಅದು ಬಿಟ್ಟು ಬೇರೆ ಏನೂ ಇರಲಿಲ್ಲ. ಬೆಳಗಾದ ಮೇಲೆ ಮೇಡಂ ಫೋನ್ ಎತ್ತಿ, 'ಮಲಗಿದ್ದಾಳೆ ರೀ, ಆರಾಮ ಇದ್ದಾಳೆ' ಅಂದಾಗ ನನಗೆ ಮಾತೇ ಹೊರಡಲಿಲ್ಲ. ಫೋನನ್ನು ನಿಮ್ಮವ್ವನ ಕೈಗೆ ಕೊಟ್ಟೆ.

ಚಾರ್ಜ್ ಮುಗಿದಿತ್ತು ಅಂದೆ. ನಂಬುತ್ತೇನೆ. ಆದರೂ ಮಗಳೇ, ಅಳು ಬಂದರೆ ಅಳು, ಯಾರ ಜೊತೆಯೂ ಮಾತು ಬೇಡ ಅನ್ನಿಸಿದರೆ ಬೇಡ ಅಂತ ಒಂದು ಮೆಸೇಜ್ ಹಾಕು. ಪಕ್ಕದ ರೂಮಿನ ಹುಡುಗಿಯ ಫೋನಿನಿಂದ ಆದರೂ ಹಾಕು. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ಪಾಳಿಯಲ್ಲಿದ್ದರೂ ಪರವಾಗಿಲ್ಲ. ಇದೊಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದೇನೆ ಅಲ್ವಾ? ಆ ರಾತ್ರಿ ನನ್ನ ಎದೆಯಿಂದ ಇನ್ನೂ ಇಳಿದಿಲ್ಲ.

ಈಗ ಆ 38ರ ವಿಚಾರ. ಹಾಸ್ಟೆಲ್‌ನಲ್ಲಿ ನೀವೆಲ್ಲ ಕೂತು, ವಾಟ್ಸ್ಆ್ಯಪ್‌ನಲ್ಲಿ ಬಂದ ಉತ್ತರ ಇಟ್ಟುಕೊಂಡು ಲೆಕ್ಕ ಹಾಕಿದ್ದೀರಿ. ಕೊನೆ ಉತ್ತರ ಕೂಡಿದರೆ ಪೂರ್ತಿ ಮಾರ್ಕ್ಸು, ಕೂಡದಿದ್ದರೆ ಸೊನ್ನೆ. ಪೇಪರ್ ತಿದ್ದುವವರು ಹಾಗೆ ತಿದ್ದುವುದಿಲ್ಲ. ಬೋರ್ಡಿನವರು ಕೊಟ್ಟ ಸ್ಕೀಮ್ ನೋಡಿ ಹಂತ ಹಂತಕ್ಕೆ ಮಾರ್ಕ್ಸು ಹಾಕುತ್ತಾರೆ. ನರ್ನ್‌ಸ್ಟ್ ಸಮೀಕರಣದ ಲೆಕ್ಕದಲ್ಲಿ ಲಾಗ್‌ನ ಚಿಹ್ನೆ ತಪ್ಪಿತು, ಮೂರೂ ಮಾರ್ಕ್ಸ್ ಹೋಯಿತು ಅಂತ ಅತ್ತೆಯಲ್ಲ, ಅದನ್ನು ನಮ್ಮ ಲ್ಯಾಬಿನಲ್ಲಿರುವ ಎಂ.ಎಸ್ಸಿ ಹುಡುಗನಿಗೆ ಕೇಳಿದೆ. ಸೂತ್ರ ಸರಿ ಬರೆದಿದ್ದರೆ ಅದಕ್ಕೆ ಮಾರ್ಕ್ಸು ಸಿಗುತ್ತದೆ, ಬೆಲೆ ಸರಿ ತುಂಬಿದ್ದರೆ ಅದಕ್ಕೂ ಸಿಗುತ್ತದೆ, ಎಲ್ಲಾ ಹೋಗಲ್ಲ ಅಂದ. ಪ್ರಾಕ್ಟಿಕಲ್‌ನ 30 ಬೇರೆ ಇದೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಪ್ರತಿ ಪಾಳಿಯಲ್ಲೂ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕೊಡೋದು. ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಕಲ್ಲು ನೋಡಿ ಇಷ್ಟೇ ಇದೆ ಅಂತ ಇಲ್ಲಿ ಯಾರೂ ಬರೆಯುವುದಿಲ್ಲ. ಪುಡಿ ಮಾಡಿ, ಕುಲುಮೆಗೆ ಹಾಕಿ, ಕೊನೆಗೆ ಉಳಿದ ಸಣ್ಣ ಮಣಿಯನ್ನು ತೂಗಿದ ಮೇಲೇ ರಿಜಿಸ್ಟರಿನಲ್ಲಿ ಅಂಕಿ ಬೀಳುತ್ತದೆ. ನಿನ್ನ ಪೇಪರನ್ನು ಇನ್ನೂ ಯಾರೂ ಮುಟ್ಟೇ ಇಲ್ಲ.

ಕೆಮಿಸ್ಟ್ರಿ ನನಗೆ ಬರಲ್ಲ ಅಂದೆಯಲ್ಲ, ಅದು ಮಾತ್ರ ನನಗೆ ಸಹಿಸಲಾಗಲಿಲ್ಲ. ದಸರಾ ರಜೆಯಲ್ಲಿ ಬಂದಾಗ ನೀನು ನನ್ನ ಹಳೇ ಡೈರಿಯ ಹಾಳೆಯಲ್ಲಿ ಬರೆದು ತೋರಿಸಿದ್ದೆ. ನಾಲ್ಕು ಚಿನ್ನ, ಎಂಟು ಸಯನೈಡ್, ಎರಡು ನೀರು, ಒಂದು ಆಕ್ಸಿಜನ್. ಸಯನೈಡ್ ಒಂದರಿಂದಲೇ ಚಿನ್ನ ಕರಗಲ್ಲ ಅಪ್ಪ, ಆಕ್ಸಿಜನ್ನೂ ಬೇಕು, ಅದಕ್ಕೇ ನಿಮ್ಮ ಟ್ಯಾಂಕಿಗೆ ಗಾಳಿ ಬಿಡೋದು ಅಂದೆ. ಸುಣ್ಣ ಯಾಕೆ ಹಾಕುತ್ತಾರೆ ಗೊತ್ತಾ ಅಂತ ನನ್ನನ್ನೇ ಕೇಳಿದೆ. ಹಾಕದಿದ್ದರೆ ವಿಷದ ಗ್ಯಾಸ್ ಏಳುತ್ತದೆ ಅನ್ನೋದು ನಮಗೆ ಮೊದಲ ದಿನವೇ ಹೇಳಿದ್ದರು. ಅದು ಯಾಕೆ ಏಳುತ್ತದೆ ಅಂತ ತಿಳಿಸಿ ಹೇಳಿದವಳು ನೀನು. ಗಾಳಿ ಬಿಡುವ ಆ ಪೈಪಿನ ಪಕ್ಕ ನಾನು ವರ್ಷಗಟ್ಟಲೆ ನಿಂತಿದ್ದೇನೆ. ಈ ಮಾತನ್ನು ನಮ್ಮ ಪಾಳಿಯವರಿಗೆಲ್ಲ ಹೇಳಿದ್ದೇನೆ. ನನ್ನ ಮಗಳು ಹೇಳಿದ್ದು ಅಂತಲೇ ಹೇಳಿದ್ದೇನೆ.

ಹಾಗಂತ ಹೇಗೋ ಆಗುತ್ತೆ ಬಿಡು ಅಂತ ಸುಮ್ನೆ ಕೂರುವ ಹಾಗೂ ಇಲ್ಲ. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯುಸಿ ಮಾರ್ಕ್ಸು, ಇನ್ನರ್ಧ ಸಿಇಟಿ. ಸಿಇಟಿ ಕೆಮಿಸ್ಟ್ರಿಯಲ್ಲಿ 60 ಪ್ರಶ್ನೆ, ತಪ್ಪಾದರೆ ಮಾರ್ಕ್ಸ್ ಕಳೆಯುವುದಿಲ್ಲ. ಒಂದನ್ನೂ ಖಾಲಿ ಬಿಡಬೇಡ. ಈ ಪೇಪರಿನಲ್ಲಿ ನಿಜವಾಗಿಯೂ ಕಡಿಮೆ ಬಂದರೆ ಮತ್ತೊಮ್ಮೆ ಬರೆಯೋಕೆ ಪರೀಕ್ಷೆ-2 ಇದೆ, ಯಾವುದರಲ್ಲಿ ಜಾಸ್ತಿ ಬಂದಿದೆಯೋ ಅದನ್ನೇ ಇಟ್ಟುಕೊಳ್ಳಬಹುದು. ನೀನು ಓದುವಾಗ ಇದಿದೆ, ನಮ್ಮ ಕಾಲದಲ್ಲಿ ಎಲ್ಲಿತ್ತು? ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಸರ್ಟಿಫಿಕೇಟ್ ಮಾಡಿಸಿ ನಿಮ್ಮವ್ವನ ಟ್ರಂಕಿನಲ್ಲಿ ಇಟ್ಟಿದ್ದೇನೆ. ಕಾಗದಪತ್ರದ ಓಡಾಟ ನನ್ನದು, ನೀನು ತಲೆ ಕೆಡಿಸಿಕೊಳ್ಳಬೇಡ.

ಮತ್ತೆ ಉಪದೇಶಕ್ಕೆ ಇಳಿದೆ. ಮೊನ್ನೆ ಸಂಜೆಯೇ ಬಸ್ಸು ಹತ್ತಿ ನಿನ್ನ ಹತ್ತಿರ ಬರಬೇಕಿತ್ತು ಅನ್ನಿಸುತ್ತಿದೆ. ಪಾಳಿಗೆ ಬದಲಿ ಜನ ಸಿಗಲಿಲ್ಲ, ಬೇಜಾರು ಮಾಡ್ಕೋಬೇಡ.

ಆ ಉತ್ತರಗಳು ಬರುವ ಗ್ರೂಪಿನಿಂದ ಗಣಿತ ಮುಗಿಯುವ ತನಕ ಹೊರಗೆ ಇರು. ಯಾರಾದರೂ ನಿಂಗೆಷ್ಟು ಬರುತ್ತೆ ಅಂತ ಕೇಳಿದರೆ, ರಿಸಲ್ಟ್ ಬಂದ ಮೇಲೆ ಹೇಳ್ತೀನಿ ಅನ್ನು. ಇಂಟಿಗ್ರೇಷನ್ ಒಮ್ಮೆ ತಿರುವಿ ಹಾಕು. ಹೊಟ್ಟೆ ತುಂಬ ಉಣ್ಣು. ರೊಟ್ಟಿ ಗೆಳತಿಯರಿಗೂ ಕೊಡು, ನಿಮ್ಮವ್ವ ಜಾಸ್ತಿಯೇ ಕಟ್ಟಿದ್ದಾಳೆ.

ಗಣಿತದ ದಿನ ರಜಾ ಹಾಕಿದ್ದೇನೆ. ನಾವಿಬ್ಬರೂ ಬರುತ್ತೇವೆ. ಎಷ್ಟು ಬರುತ್ತೆ ಅಂತ ನಾನು ಕೇಳುವುದಿಲ್ಲ, ಕೇಳಬೇಡ ಅಂತ ನಿಮ್ಮವ್ವನಿಗೂ ಹೇಳಿದ್ದೇನೆ. ಅವಳು ತಡೆಯಲಾರದೆ ಕೇಳಿಬಿಟ್ಟರೆ ಸಿಟ್ಟು ಮಾಡ್ಕೋಬೇಡ. ಅವಳೂ ಆ ರಾತ್ರಿ ಮಲಗಿಲ್ಲ.

ನಿನ್ನ ಅಪ್ಪ