ಮನಿ ಕೀಲಿ ಕೈಗೆ ಬಂತು, ಗೌಂಡಿ ಕಾಕಾರಿಗೆ ಎರಡು ಮಾತು

ಎಲ್ಲಾರಿಗೂ ನಮಸ್ಕಾರ ರೀ. ಮೊನ್ನೆ ಸೋಮವಾರ ಸಿಂಧನೂರಿನ ನಮ್ಮ ಹೊಸ ಮನಿ ಕೀಲಿ ಅವ್ವನ ಕೈಗೆ ಬಂತು. ಫೋನ್ ಮಾಡಿದವರ ಕೂಡ ನನಗ ಸರಿಯಾಗಿ ಮಾತಾಡಾಕ ಆಗ್ಲಿಲ್ಲ, ಗಂಟಲು ಕಟ್ಟಿ ಬರ್ತಿತ್ತು, ಅದಕ್ಕ ಇಲ್ಲಿ ಬರೀತೀನಿ. ಅಪ್ಪ ತೀರಿಕೊಂಡ ವಿಷಯ ನಿಮಗೆಲ್ಲ ಗೊತ್ತೈತಿ, ಮತ್ತ ಹೇಳಂಗಿಲ್ಲ.

ಬೆಂಗಳೂರಿಂದ ತಿಂಗಳಾ ರೊಕ್ಕ ಕಳಿಸಿದ ತಮ್ಮ, ನನ್ನ ಪಿರಿಯಡ್ ತಗೊಂಡ ಸಾಲಿ ಗೆಳತ್ಯಾರು, ಕೆಲಸದವರಿಗೆ ದಿನಾ ಮಜ್ಜಿಗಿ ಕೊಟ್ಟ ಬಾಜೂಮನಿ ಅಕ್ಕಾರು, ಜೆಸ್ಕಾಂ ಮೀಟರಿಗೆ ಓಡಾಡಿದ ಎಲೆಕ್ಟ್ರಿಷಿಯನ್ ಹುಡುಗ, ನಿಮಗೆಲ್ಲ ಮನಸಾರೆ ಥ್ಯಾಂಕ್ಸ್.

ಆದ್ರ ಖರೇ ಹೇಳಬೇಕಂದ್ರ ನಾ ಇದನ್ನ ಬರಿಯಾಕ ಕುಂತಿದ್ದು ನಮ್ಮ ಗೌಂಡಿ ಕಾಕಾರ ಸಲುವಾಗಿ. ಅವರು ಈ ಮನಿ ಕಟ್ಟಿದವರಲ್ಲ, ಕಟ್ಟಿದ್ದು ಗುತ್ತಿಗೆದಾರರು. ಕಾಕಾ ಅಪ್ಪನ ಗೆಳೆಯರು, ಹಳ್ಳ್ಯಾಗಿನ ನಮ್ಮ ಮಣ್ಣಿನ ಮಾಳಿಗಿಗೆ ವರ್ಷಾ ಮಳಿಗಾಲದ ಮುಂದ ಸವಳು ಹಾಕಿ ಕೊಡ್ತಿದ್ದವರು, ಮೊಳಕಾಲು ನೋವಾಗಿ ಕೆಲಸ ಬಿಟ್ಟು ಐದಾರು ವರ್ಷ ಆಗಿತ್ತು. 2024ರ ಆಗಸ್ಟ್‌ನ್ಯಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ಗದ್ದಿಗೆ ನೀರು ಸಿಗ್ತಾವೋ ಇಲ್ಲೋ, ಮನಿಗೆ ರೊಕ್ಕ ಎಲ್ಲಿಂದ ತರೋದು ಅಂತ ಅಪ್ಪ ಪಾಯಾ ತೋಡೋದು ನಿಲ್ಲಿಸಿ ಕುಂತಿದ್ದ. ವಾರದಾಗ ಆ ಜಾಗಕ್ಕ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟ್) ಕೂಡಿಸಿ ನೀರು ನಿಲ್ಲಿಸಿದ ಸುದ್ದಿ ಬಂದ ಮ್ಯಾಲೆ ಕಾಕಾನೇ ಬಂದು ಎಬ್ಬಿಸಿದ್ರು. ನಮ್ಮದು ಎರಿ ನೆಲ, ಅಂದ್ರ ಕಪ್ಪು ಮಣ್ಣು, ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳ್ಯಾಗ ಉಬ್ಬತೈತಿ, ಮ್ಯಾಲಿನ ಗೋಡಿ ಸೀಳಿಬಿಡತೈತಿ. ಗಟ್ಟಿ ನೆಲ ಹತ್ತೋತನಕ ತೋಡಿಸಿ, ಎರಿಮಣ್ಣು ತೆಗಿಸಿ ಮರಂ (ಗರಸು ಮಣ್ಣು) ತುಂಬಿಸಿ, ಮ್ಯಾಲೆ ಪ್ಲಿಂತ್ ಬೀಮ್ ಹಾಕೋತನಕ ಇಬ್ಬರೂ ಬಿಸಲಾಗ ನಿಂತಿದ್ರು.

ಹೋದ ತಿಂಗಳು ಬಣ್ಣ ಮುಗೀತು. ಗುತ್ತಿಗೆದಾರರು ಒಂದು ಹಾಳಿ ತಂದು "ಇಲ್ಲಿ ಸೈನ್ ಮಾಡ್ರಿ ಮೇಡಂ, ಕೀಲಿ ತಗೊಳ್ರಿ" ಅಂದ್ರು. ನಾ ಮಾಡೇಬಿಡ್ತಿದ್ದೆ, ಅಷ್ಟು ಸಾಕಾಗಿತ್ತು ನನಗ. ಕಾಕಾ ಅಂದ್ರು, "ತಡಿ ಯವ್ವಾ, ಎರಡು ದಿನ ನನಗ ಕೊಡು. ಕೊನೀ ಬಿಲ್ಲೂ ಅಲ್ಲೀತನಕ ಕೊಡಬ್ಯಾಡ."

ಮರುದಿನ ಮುಂಜಾನೆ ಸೈಕಲ್ ಹ್ಯಾಂಡಲ್ಲಿಗೆ ಚೀಲ ಹಾಕ್ಕೊಂಡು ಬಂದ್ರು. ಅದರಾಗ ಮಟ್ಟ ನೋಡೋ ರಸಮಟ್ಟ, ತೂಗುಗುಂಡು, ಸೀಮೆಸುಣ್ಣ, ಒಂದು ರೂಪಾಯಿ ಬಿಲ್ಲೆ. ಮೊಳಕಾಲು ಮಡಿಚಾಕ ಆಗಲ್ಲ ಅಂತ ನೆಲದ ಮ್ಯಾಲೆ ಕುಂತಲ್ಲೇ ಸರ್ಕೊಂತ ಒಂದೊಂದು ಟೈಲ್ ಮ್ಯಾಲೆ ಬಿಲ್ಲೆ ಬಡದು ಸದ್ದು ಕೇಳಿದ್ರು. ಕೆಳಗ ಸಿಮೆಂಟ್ ತುಂಬಿದ್ರ ಟಣ್ ಅಂತೈತಿ, ಪೊಳ್ಳಿದ್ರ ಡಬ್ ಅಂತೈತಿ. ಹನ್ನೊಂದು ಟೈಲಿಗೆ ಸೀಮೆಸುಣ್ಣದ ಗುರುತು ಬಿತ್ತು. ಬಾತ್‌ರೂಮಿನ್ಯಾಗ ಒಂದು ಬಕೆಟ್ ನೀರು ಚೆಲ್ಲಿ ಅದು ಜಾಲಿ ಕಡೆ ಹೋಗತೈತೋ ಗೋಡಿ ಕಡೆ ಬರತೈತೋ ನೋಡಿದ್ರು, ಬಾಗಿಲು, ಕಿಡಕಿ, ನಳ ಎಲ್ಲಾ ನೋಡಿದ್ರು, ಕರೆಂಟಿನ ಬೋರ್ಡಿನ್ಯಾಗ ಟೆಸ್ಟ್ ಗುಂಡಿ ಒತ್ತಿ ಮನಿ ಪೂರ್ತಿ ಕಟ್ ಆಗತೈತೋ ಇಲ್ಲೋ ಅಂತ ನನ್ನ ಕೈಲೇ ಒತ್ತಿಸಿದ್ರು. ನಾ ನೋಟ್‌ಬುಕ್ಕಿನ್ಯಾಗ ಬರಕೊಂತ ಹೋದೆ.

ಸಂಜಿಗೆ ಮಾಳಿಗಿ ಸೋರತೈತೋ ಇಲ್ಲೋ ನೋಡೋದು. ಮಳಿ ನೀರಿನ ಪೈಪಿನ ಬಾಯಿಗೆ ಗೋಣಿಚೀಲ ತುರುಕಿ, ಟ್ಯಾಂಕರ್ ತರಿಸಿ ಎರಡು ಇಂಚು ನೀರು ನಿಲ್ಲಿಸಿದ್ವಿ. "ನಾನೂ ಇಲ್ಲೇ ಮಲಗ್ತೀನಿ" ಅಂದ್ರು ಕಾಕಾ.

ರಾತ್ರಿ ಎರಡಕ್ಕ ಅವ್ವನ ರೂಮಿನ ಮೂಲ್ಯಾಗ, ಸ್ಲ್ಯಾಬಿನ ಹೊಸ ಬಿಳಿ ಬಣ್ಣದ ಮ್ಯಾಲೆ ಅಂಗೈ ಅಗಲ ಹಸಿ ಕಾಣಿಸ್ತು. ಗುತ್ತಿಗೆದಾರರ ಫೋನ್ ಸ್ವಿಚ್ ಆಫ್. ಎಂಟು ದಿನಕ್ಕ ಗೃಹಪ್ರವೇಶ, ಕಾರ್ಡ್ ಹಂಚಿ ಆಗೈತಿ. ನಾ ಆ ಖಾಲಿ ರೂಮಿನ್ಯಾಗ ನೆಲದ ಮ್ಯಾಲೆ ಕುಂತು ಅಪ್ಪನ್ನ ಬೈದೆ. ಇಷ್ಟು ಸಾಲ ಮಾಡಿ, ಈ ಮನಿ ನನ್ನ ತಲಿ ಮ್ಯಾಲೆ ಇಟ್ಟು ನೀ ಹೋಗಿಬಿಟ್ಟಿ ಅಂತ ಜೋರಾಗಿ ಬೈದೆ. ಸತ್ತವರನ್ನ ಹಂಗ ಬೈಬಾರದು, ಗೊತ್ತೈತಿ. ಅವ್ವನ ಮುಂದ ಮೊನ್ನೆ ಹೇಳ್ಕೊಂಡೆ, ಅದಕ್ಕ ಇಲ್ಲಿ ಬರಿಯಾಕ ಧೈರ್ಯ ಬಂತು.

ಕಾಕಾ ಬಾಗಲದಾಗ ನಿಂತು ಎಲ್ಲಾ ಕೇಳಿಸ್ಕೊಂಡಿದ್ರು. "ಬೈ ಯವ್ವಾ. ನಾನೂ ಬೈದೀನಿ ಅವಗ. ಪಾಯಾಕ್ಕ ನನ್ನ ನಿಂದ್ರಿಸಿ, ಸ್ಲ್ಯಾಬಿಗೆ ತಾನೇ ಇಲ್ಲದಂಗ ಹೋದ" ಅಂದ್ರು. ಅವರ ಕಣ್ಣಾಗೂ ನೀರಿತ್ತು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ವಿ. ಆಮ್ಯಾಲೆ "ಟಾರ್ಚ್ ಹಿಡಿ" ಅಂದ್ರು.

ಆ ಮೊಳಕಾಲಿಟ್ಕೊಂಡು ನಿಚ್ಚಣಿಕಿ ಹತ್ತಿ ಹಸಿ ಸುತ್ತ ಪೆನ್ಸಿಲ್‌ಲೆ ಗೆರಿ ಎಳದು ಪಕ್ಕದಾಗ ಟೈಮ್ ಬರದ್ರು. ತಾಸಿಗೊಮ್ಮೆ ಮತ್ತೊಂದು ಗೆರಿ, ಮತ್ತೊಂದು ಟೈಮ್. "ಹೆದರಬ್ಯಾಡ, ಇದು ಎಷ್ಟು ನಡೀತೈತಿ ಅಂತ ಮೊದಲ ನೋಡೋಣು." ಬೆಳಗಾಗೋದ್ರಾಗ ನಾಕು ಗೆರಿ ಆಗಿದ್ವು. ಆಮ್ಯಾಲೆ ಮಾಳಿಗಿ ನೀರು ಬಿಟ್ಟು, ಹೊರಗಿನ ಎರಿಮಣ್ಣು ಕಲಸಿ, ಗದ್ದ್ಯಾಗ ಬದು ಕಟ್ಟಿದಂಗ ಮಾಳಿಗಿ ಮ್ಯಾಲೆ ಬದು ಕಟ್ಟಿ ನಾಕು ಮಡಿ ಮಾಡಿದ್ರು. ಮಣ್ಣು ಹೊತ್ತಾಕಿ ನಾನು. ಒಂದೊಂದೇ ಮಡಿಗೆ ನೀರು ತುಂಬಿಸಿ ಕೆಳಗ ಹೋಗಿ ಗೆರಿ ನೋಡೋದು. ಮೂರು ಮಡಿಗೆ ಗೆರಿ ಅಲ್ಲಾಡ್ಲಿಲ್ಲ. ಮರುದಿನ ಸಂಜಿಮುಂದ ನಾಕನೇ ಮಡಿ ತುಂಬಿದ ಮ್ಯಾಲೆ ಹಸಿ ಗೆರಿ ದಾಟ್ತು. ಸ್ಲ್ಯಾಬ್ ಸೀಳಿರ್ಲಿಲ್ಲ, ಪೈಪ್ ಸ್ಲ್ಯಾಬಿನ್ಯಾಗ ಇಳಿಯೋ ಜಾಗದಾಗ ಸುತ್ತ ಸಿಮೆಂಟ್ ಪೂರ್ತಿ ಕೂತಿರ್ಲಿಲ್ಲ, ಅಷ್ಟೇ. ಆ "ಅಷ್ಟೇ" ಕೇಳಿ ನಾ ಮಾಳಿಗಿ ಮ್ಯಾಲೇ ಅತ್ತುಬಿಟ್ಟೆ.

ಗುತ್ತಿಗೆದಾರರು ಬಂದಾಗ ನಾ ಜಗಳಕ್ಕ ರೆಡಿ ಇದ್ದೆ. ಕಾಕಾ ಅವರ ಕಡೆ ಹುಡುಗ ಗೌಂಡೀನ ಬಾಜೂಕ ಕರಕೊಂಡು "ನಿನ್ನ ಕೈ ಛಲೋ ಐತಿ, ಈ ಮೂಲಿ ಒಂದು ಅವಸರ ಮಾಡೀದಿ" ಅಂತ ಹೇಳಿ, ಕೆತ್ತೋದು, ತುಂಬೋದು ತಾವೇ ಕುಂತು ಮಾಡಿಸಿದ್ರು. ಗುತ್ತಿಗೆದಾರರೂ ಹನ್ನೊಂದು ಟೈಲ್ ಬದಲಿ ಮಾಡಿಸಿಕೊಟ್ರು. ಸಿಮೆಂಟ್ ಬಲಿತ ಮ್ಯಾಲೆ ಮತ್ತ ಎರಡು ದಿನ ನೀರು ನಿಲ್ಲಿಸಿದ್ವಿ, ಗೆರಿ ಇದ್ದಲ್ಲೇ ಇತ್ತು. ಆಮ್ಯಾಲೇ ನಾ ಸೈನ್ ಮಾಡಿದ್ದು, ಕೊನೀ ಬಿಲ್ಲು ಕೊಟ್ಟಿದ್ದು. ಮನಿ ಕಟ್ಟಿಸೋರು ಯಾರರೆ ಓದ್ತಿದ್ರ ಬಣ್ಣಕ್ಕ ಮೊದಲ ಮಾಳಿಗಿಗೆ ನೀರು ನಿಲ್ಲಿಸಿ ನೋಡ್ರಿ, ನಾವು ತಡಾ ಮಾಡಿದ್ವಿ.

ಕಾಕಾಗ ರೊಕ್ಕ ಕೊಡಾಕ ಹೋದ್ರ ಎರಡೂ ಕೈ ಹಿಂದ ಕಟ್ಟಿಕೊಂಡು ನಿಂತ್ರು. ಸೀರಿ ತಗೊಂಡು ಹೋಗಿ ಕಾಕಿಗೆ ಕೊಟ್ಟು ಬಂದೀನಿ.

ಕಾಕಾ, ನಿಮ್ಮ ಮೊಮ್ಮಗಳು ಇದನ್ನ ಓದಿ ಹೇಳ್ತಾಳ ಅಂತ ಗೊತ್ತು. ನಿಮ್ಮ ರಸಮಟ್ಟ ಇಲ್ಲೇ ಬಿಟ್ಟು ಹೋಗೀರಿ, ಅಡಗಿಮನಿ ಕಡಪಾ ಕಲ್ಲಿನ ಮ್ಯಾಲೆ ಇಟ್ಟೀನಿ. ನಾ ತಂದು ಕೊಡಂಗಿಲ್ಲ, ನೀವೇ ಬರ್ರಿ. ಐತವಾರ ಅವ್ವ ರೊಟ್ಟಿ, ಪುಂಡಿಪಲ್ಯ ಮಾಡ್ತಾಳ.